ಹಳೆ ಡೀಸೆಲ್ ಕಾರಿನ ಕೂಲೆಂಟ್: ನೋಡುವುದು, ತುಂಬುವುದು, ಎಲ್ಲಿ ಹೋಯಿತೆಂದು ಹುಡುಕುವುದು

‘ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತೆಗೆದುಕೊಂಡಿದ್ದೇನೆ. ಕೂಲೆಂಟ್ ಕಮ್ಮಿ ಕಾಣುತ್ತಿದೆ. ನೀರು ಹಾಕಿದರೆ ಸಾಕಾ?’ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಾರ್ಚ್ ತಿಂಗಳ ಸೆಕೆ ಶುರುವಾದ ಮೇಲಂತೂ ಜಾಸ್ತಿ.

ಮೊದಲು ಚುಟುಕು ಉತ್ತರ. ತುರ್ತಿಗೆ ಸ್ವಲ್ಪ ಡಿಸ್ಟಿಲ್ಡ್ ವಾಟರ್ ಹಾಕಬಹುದು. ಬಾವಿ ನೀರು ಬೇಡ. ಆದರೆ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಕೂಲೆಂಟ್ ಡೀಸೆಲ್‌ನಂತೆ ಉರಿದು ಖರ್ಚಾಗುವುದಿಲ್ಲ. ಇಂಜಿನ್ ಮತ್ತು ರೇಡಿಯೇಟರ್ ನಡುವೆ, ಮುಚ್ಚಿದ ದಾರಿಯಲ್ಲಿ, ಅದೇ ದ್ರವ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ವರ್ಷದಲ್ಲಿ ಒಂದಿಷ್ಟು ಇಳಿದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ತಿಂಗಳಿಗೊಮ್ಮೆ ಹಾಕಬೇಕಾಗಿ ಬಂದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ. ಎಲ್ಲಿಗೆ ಅಂತ ಹುಡುಕುವುದೇ ಮುಖ್ಯ ಕೆಲಸ. ತುಂಬುವುದು ಐದು ನಿಮಿಷದ್ದು.

‘ನೀರು’ ಎಂಬ ಮಾತಿನಿಂದಲೇ ತೊಂದರೆ

ನಮ್ಮಲ್ಲಿ ಎಲ್ಲರೂ ಇದನ್ನು ನೀರು ಅಂತಲೇ ಕರೆಯುತ್ತೇವೆ. ಕನ್ನಡದಲ್ಲಿ ‘ರೇಡಿಯೇಟರ್ ನೀರು’, ತುಳುವಿನಲ್ಲಿ ‘ನೀರ್’, ಮಲಯಾಳದಲ್ಲಿ ‘ವೆಳ್ಳಂ’. ವರ್ಕ್‌ಶಾಪಿನ ಹುಡುಗ ‘ವೆಳ್ಳಂ’ ಹಾಕಲಾ ಅಂತ ಕೇಳುತ್ತಾನೆ, ನಾವು ಹೂಂ ಅನ್ನುತ್ತೇವೆ, ಅವನು ನಲ್ಲಿಯಿಂದ ತಂದು ಸುರಿಯುತ್ತಾನೆ. ಅವನದೇನೂ ತಪ್ಪಿಲ್ಲ, ಕೇಳಿದ್ದನ್ನೇ ಹಾಕಿದ್ದಾನೆ. ಹಾಗಾಗಿ ಇನ್ನು ಮುಂದೆ ‘ಕೂಲೆಂಟ್’ ಎಂಬ ಹೆಸರನ್ನೇ ಹೇಳಿ.

ಕೂಲೆಂಟ್ ಅಂದರೆ ಶುದ್ಧ ನೀರು, ಗ್ಲೈಕಾಲ್ ಎಂಬ ದ್ರವ (ನೀರು ಹೆಪ್ಪುಗಟ್ಟದಂತೆ ತಡೆಯುವುದರಿಂದ ಇದನ್ನೇ ಆಂಟಿಫ್ರೀಜ್ ಅನ್ನುವುದು), ಜೊತೆಗೆ ತುಕ್ಕು ತಡೆಯುವ ಮದ್ದು. ‘ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಆಂಟಿಫ್ರೀಜ್ ಯಾಕೆ?’ ಅಂತ ತುಂಬಾ ಜನ ಕೇಳುತ್ತಾರೆ. ನಮಗೆ ಅದು ಬೇಕಾಗಿರುವುದು ಬೇರೆ ಎರಡು ಕಾರಣಕ್ಕೆ. ಒಂದು, ಕುದಿಯುವ ಬಿಸಿ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ನೀರು ಅರ್ಧ ಗ್ಲೈಕಾಲ್ ಇದ್ದರೆ ಸುಮಾರು 106 ಡಿಗ್ರಿವರೆಗೆ ತಾಳುತ್ತದೆ. ಮೇಲಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುವುದರಿಂದ 120 ದಾಟಿದರೂ ಕುದಿಯುವುದಿಲ್ಲ. ಸಂಪಾಜೆ ಘಾಟಿ ಹತ್ತುವಾಗ ಈ ಇಪ್ಪತ್ತು ಡಿಗ್ರಿಯೇ ಇಂಜಿನ್ನನ್ನು ಉಳಿಸುವುದು. ಎರಡನೆಯದು ತುಕ್ಕು. ಇಂಜಿನ್ ಬ್ಲಾಕ್ ಹೆಚ್ಚಾಗಿ ಎರಕದ ಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಮತ್ತು ರೇಡಿಯೇಟರ್ ಅಲ್ಯೂಮಿನಿಯಂ. ಮದ್ದಿಲ್ಲದ ನೀರು ಎರಡನ್ನೂ ತಿನ್ನುತ್ತದೆ.

ಬಾವಿ ನೀರು ಯಾಕೆ ಬೇಡ? ಬೇಸಗೆಯಲ್ಲಿ ಸಮುದ್ರದ ಉಪ್ಪು ಚಂದ್ರಗಿರಿ ಹೊಳೆಯ ಒಳಕ್ಕೆ ಏರಿ ಬರುವುದನ್ನು ಕಾಸರಗೋಡಿನವರು ನೋಡಿಯೇ ಇದ್ದೇವೆ. ಕಡಲ ಬದಿಯ ಬಾವಿಗಳದ್ದೂ ಅದೇ ಕಥೆ. ಉಪ್ಪು ಅಲ್ಯೂಮಿನಿಯಂಗೆ ವಿಷ. ಒಳನಾಡಿನ ಮುರಕಲ್ಲಿನ ಬಾವಿಯಲ್ಲಿ ಕಬ್ಬಿಣದ ಅಂಶ ಇರಬಹುದು. ಗುಡ್ಡ ಕೊರೆದು ತೆಗೆದ ಸುರಂಗದ ನೀರು ಕುಡಿಯಲು ಎಷ್ಟು ಸಿಹಿ ಅಲ್ವಾ? ಆದರೂ ಅದು ಮಣ್ಣಿನೊಳಗಿಂದ ಬಂದದ್ದು, ಕಣ್ಣಿಗೆ ಕಾಣದ ಲವಣ ಅದರಲ್ಲೂ ಇರುತ್ತದೆ. ಕಾರಿಗೆ ಅದನ್ನು ಹಾಕಬೇಡಿ.

ಏನೇನು ಬೇಕು

ಟಾರ್ಚ್, ದಪ್ಪ ಬಟ್ಟೆ, ಕೈಗವಸು, ಸಣ್ಣ ಆಲಿಕೆ, ಒಂದು ಲೀಟರ್ ಡಿಸ್ಟಿಲ್ಡ್ ವಾಟರ್, ನಿಮ್ಮ ಕಾರಿಗೆ ಹೊಂದುವ ಕೂಲೆಂಟ್, ಮಾರ್ಕರ್ ಪೆನ್, ಒಂದು ನೋಟ್‌ಬುಕ್. ಖಾಲಿ ಬಿಳಿ ಗಾಜಿನ ಬಾಟಲಿ ಒಂದು ಇರಲಿ, ಆಮೇಲೆ ಬೇಕಾಗುತ್ತದೆ.

ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಪಂಪಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ‘ಬ್ಯಾಟರಿ ವಾಟರ್’ ಹೆಸರಲ್ಲಿ ಸಿಗುತ್ತದೆ. ಲೇಬಲ್ ಓದಿಯೇ ತನ್ನಿ. ಬ್ಯಾಟರಿ ಆಸಿಡ್ ಬೇರೆ, ಬ್ಯಾಟರಿ ವಾಟರ್ ಬೇರೆ.

ಹಂತ 1: ಇಂಜಿನ್ ತಣ್ಣಗಾಗಲಿ

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮೊದಲು ನೋಡುವುದೇ ಒಳ್ಳೆಯದು. ಓಡಿಸಿ ಬಂದಿದ್ದರೆ ಕಮ್ಮಿ ಎಂದರೂ ಎರಡು ಗಂಟೆ ಬಿಡಿ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಅಷ್ಟು ಹೊತ್ತು ಕುದಿಯದೆ ನಿಂತಿದ್ದ ದ್ರವ ತಕ್ಷಣ ಕುದಿದು ಚಿಮ್ಮುತ್ತದೆ. ಮುಖ, ಕುತ್ತಿಗೆ, ಕೈ ಸುಟ್ಟುಹೋಗುತ್ತದೆ. ‘ಬಟ್ಟೆ ಹಾಕಿ ನಿಧಾನ ತಿರುಗಿಸಿದರೆ ಆಗುತ್ತದೆ’ ಎನ್ನುವವರ ಮಾತು ಕೇಳಬೇಡಿ. ಮೇಲಿನ ದಪ್ಪ ರಬ್ಬರ್ ಹೋಸನ್ನು ಮುಟ್ಟಿ ನೋಡಿ. ಅದು ತಣ್ಣಗಿದ್ದು, ಒತ್ತಿದರೆ ಮೆತ್ತಗೆ ಒಳಹೋದರೆ ಮಾತ್ರ ಮುಚ್ಚಳಕ್ಕೆ ಕೈ ಹಾಕಿ.

ಇನ್ನೊಂದು. ಕೀ ತೆಗೆದ ಮೇಲೂ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗುತ್ತದೆ. ಅದರ ಹತ್ತಿರ ಬೆರಳು, ಸೀರೆಯ ಸೆರಗು, ಶಾಲು ಹೋಗದಂತೆ ನೋಡಿಕೊಳ್ಳಿ.

ಕಾರು ಸಮತಟ್ಟಾದ ಜಾಗದಲ್ಲಿರಲಿ. ಗುಡ್ಡದ ಬದಿಯ ಮನೆಗಳಲ್ಲಿ ಗೇಟಿನಿಂದ ಅಂಗಳದವರೆಗೆ ಇಳಿಜಾರು ಇರುತ್ತದೆ. ಅಲ್ಲಿ ನಿಲ್ಲಿಸಿ ನೋಡಿದರೆ ಲೆವೆಲ್ ತಪ್ಪು ಕಾಣುತ್ತದೆ.

ಹಂತ 2: ನಿಮ್ಮ ಟ್ಯಾಂಕ್ ಯಾವ ಥರದ್ದು?

ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯ ಥರದಲ್ಲಿ ರೇಡಿಯೇಟರ್ ಮೇಲೆ ಮುಚ್ಚಳವೇ ಇರುವುದಿಲ್ಲ. ಪಕ್ಕದಲ್ಲಿ ಉರುಟಾದ ಗಟ್ಟಿ ಪ್ಲಾಸ್ಟಿಕ್ ಟ್ಯಾಂಕ್, ಅದಕ್ಕೆ ತಿರುಪಿನ ಬಿಗಿ ಮುಚ್ಚಳ. ಇದು ಎಕ್ಸ್‌ಪ್ಯಾನ್ಶನ್ ಟ್ಯಾಂಕ್. ಒತ್ತಡ ಈ ಟ್ಯಾಂಕಿನಲ್ಲೂ ಇರುತ್ತದೆ. ಇಲ್ಲಿ ಕಾಣುವ ಲೆವೆಲ್ಲೇ ನಿಜವಾದ ಲೆವೆಲ್.

ಎರಡನೆಯ ಥರದಲ್ಲಿ ರೇಡಿಯೇಟರ್ ತಲೆಯ ಮೇಲೆ ಲೋಹದ ಮುಚ್ಚಳ ಇರುತ್ತದೆ. ಬದಿಯಲ್ಲಿ ತೆಳು ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಸುಮ್ನೆ ಒತ್ತಿ ಕೂರಿಸುವ ಮುಚ್ಚಳ, ನಡುವೆ ಬೆರಳು ಗಾತ್ರದ ಪೈಪು. ಬಿಸಿಯಾದಾಗ ಹೆಚ್ಚಾದ ಕೂಲೆಂಟ್ ಡಬ್ಬಿಗೆ ಬರುತ್ತದೆ, ತಣಿದಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಮುಚ್ಚಳದ ರಬ್ಬರ್ ಸವೆದಿದ್ದರೆ ಅಥವಾ ಆ ಪೈಪು ಬಿರುಕು ಬಿಟ್ಟಿದ್ದರೆ ವಾಪಸ್ ಎಳೆಯುವುದು ನಿಂತುಹೋಗುತ್ತದೆ. ಆಗ ಡಬ್ಬಿ ತುಂಬಿಯೇ ಕಾಣುತ್ತದೆ, ರೇಡಿಯೇಟರ್ ಒಳಗೆ ಖಾಲಿ.

ನಾನು ಕೊಂಡ ಮೊದಲ ಹಳೆ ಡೀಸೆಲ್ ಕಾರಿನಲ್ಲಿ ಹೀಗೇ ಆಗಿತ್ತು. ಡಬ್ಬಿಯಲ್ಲಿ ಚಂದದ ಹಸಿರು, ಗೆರೆಯ ಮಟ್ಟಕ್ಕೆ ಸರಿಯಾಗಿ. ಎರಡು ವಾರ ಅದನ್ನೇ ನೋಡಿ ಸಮಾಧಾನಪಟ್ಟೆ. ಒಂದು ಬೆಳಿಗ್ಗೆ ರೇಡಿಯೇಟರ್ ಮುಚ್ಚಳ ತೆಗೆದು ಟಾರ್ಚ್ ಹಿಡಿದರೆ ಒಳಗಿನ ಅಲ್ಯೂಮಿನಿಯಂ ಕೊಳವೆಗಳ ಬಾಯಿ ಒಣಗಿ ಕಾಣುತ್ತಿತ್ತು. ಒಂದೂಕಾಲು ಲೀಟರ್ ಹಿಡಿಯಿತು. ಹಾಗಾಗಿ ಎರಡನೆಯ ಥರದ ಕಾರಾದರೆ, ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದೇ ನೋಡಬೇಕು. ದ್ರವ ಬಾಯಿವರೆಗೆ ಇರಬೇಕು.

ಹಂತ 3: ಲೆವೆಲ್ ನೋಡಿ, ಗುರುತು ಹಾಕಿ

ಟ್ಯಾಂಕಿನ ಬದಿಯಲ್ಲಿ ‘ಮಿನ್’ ಮತ್ತು ‘ಮ್ಯಾಕ್ಸ್’ ಗೆರೆ ಇರುತ್ತದೆ, ಕೆಲವದರಲ್ಲಿ ‘ಲೋ’, ‘ಫುಲ್’. ತಣ್ಣಗಿರುವಾಗ ಎರಡರ ನಡುವೆ ಇದ್ದರೆ ಸಾಕು. ಹಳೆ ಟ್ಯಾಂಕಿನ ಪ್ಲಾಸ್ಟಿಕ್ ಹಳದಿಯಾಗಿ, ಒಳಗೆ ಕಲೆ ಕಟ್ಟಿ, ಆ ಕಲೆಯೇ ದ್ರವದ ಮಟ್ಟದಂತೆ ಕಾಣುವುದುಂಟು. ಹಿಂದಿನಿಂದ ಟಾರ್ಚ್ ಬಿಟ್ಟು, ಕಾರನ್ನು ಮೆಲ್ಲ ಅಲ್ಲಾಡಿಸಿ. ಅಲುಗಿದ್ದು ದ್ರವ, ಅಲುಗದ್ದು ಕಲೆ. ನಿಜವಾದ ಮಟ್ಟಕ್ಕೆ ಹೊರಗಿನಿಂದ ಮಾರ್ಕರ್‌ನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ.

ಹಂತ 4: ಒಳಗೆ ಇರುವುದು ಏನು?

ಹಳೆ ಓನರ್ ಏನು ಹಾಕಿದ್ದರೋ ನಿಮಗೆ ಗೊತ್ತಿಲ್ಲ. ಸ್ವಲ್ಪ ದ್ರವವನ್ನು ಗಾಜಿನ ಬಾಟಲಿಗೆ ತೆಗೆದು ಬೆಳಕಿಗೆ ಹಿಡಿಯಿರಿ. ಹಳೆ ಸಿರಿಂಜ್ ಇದ್ದರೆ ತೆಗೆಯುವುದು ಸುಲಭ. ಹತ್ತು ನಿಮಿಷ ಅಲುಗಾಡಿಸದೆ ಇಡಿ.

ಬಣ್ಣ ಯಾವುದೇ ಇರಲಿ, ತಿಳಿಯಾಗಿ ಹೊಳೆಯುತ್ತಿದ್ದರೆ ಒಳ್ಳೆಯದು. ಕಂದು ಬಣ್ಣ, ಅಡಿಯಲ್ಲಿ ಕೆಂಪು ಪುಡಿ ಅಂದರೆ ತುಕ್ಕು, ಅಂದರೆ ತುಂಬಾ ದಿನದಿಂದ ಬರೀ ನೀರಲ್ಲಿ ಓಡಿದ ಗಾಡಿ. ಲೋಳೆಯಂತೆ ಅಂಟಂಟಾಗಿದ್ದರೆ ಹೊಂದದ ಎರಡು ಕೂಲೆಂಟ್ ಬೆರೆಸಿರಬಹುದು. ಮೇಲೆ ಎಣ್ಣೆಯ ಪದರ ತೇಲಿದರೆ ಆಯಿಲ್ ಕೂಲರ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳು ಹಾಳೆ. ಡೀಸೆಲ್ ಇಂಜಿನ್ನಿನಲ್ಲಿ ಕಂಪ್ರೆಶನ್ (ಒಳಗಿನ ಗಾಳಿಯನ್ನು ಒತ್ತುವ ಬಲ) ಜಾಸ್ತಿ, ಹಾಗಾಗಿ ಒಮ್ಮೆ ಹೀಟ್ ಆದರೆ ಮೊದಲು ಪೆಟ್ಟು ಬೀಳುವುದು ಇದಕ್ಕೇ. ಎಣ್ಣೆ ಕಂಡರೆ ತುಂಬುವುದನ್ನು ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ಗೆ ತೋರಿಸಿ.

ಹಂತ 5: ಏನು ಹಾಕುವುದು?

ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ, ಗುಲಾಬಿ ಎಲ್ಲ ಕಂಪನಿಯವರು ಸೇರಿಸುವ ಬಣ್ಣ. ಒಂದು ಕಂಪನಿಯ ಹಸಿರಿಗೂ ಇನ್ನೊಂದರ ಹಸಿರಿಗೂ ಸಂಬಂಧ ಇಲ್ಲದೆ ಇರಬಹುದು. ಮುಖ್ಯವಾದದ್ದು ತುಕ್ಕು ತಡೆಯುವ ಮದ್ದು ಯಾವುದು ಎಂಬುದು. ಹಳೆ ಥರದ ಕೂಲೆಂಟ್‌ನಲ್ಲಿ ಸಿಲಿಕೇಟ್, ಫಾಸ್ಫೇಟ್‌ನಂಥ ಲವಣ ಇರುತ್ತವೆ, ಸಾಮಾನ್ಯವಾಗಿ ಎರಡು ವರ್ಷಕ್ಕೆ ಬದಲಿಸಬೇಕು. ‘ಓಎಟಿ’ ಎಂದು ಬರೆದ ಹೊಸ ಥರದ್ದರಲ್ಲಿ ಸಾವಯವ ಆಮ್ಲದ ಮದ್ದು ಇರುತ್ತದೆ, ಐದು ವರ್ಷದ ಆಸುಪಾಸು ಬಾಳುತ್ತದೆ. ಎರಡನ್ನೂ ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ, ಕೆಲವು ಸಲ ಲೋಳೆ ಕಟ್ಟುತ್ತದೆ. ನಿಮ್ಮ ಕಾರಿಗೆ ಯಾವುದು ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಕಳೆದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಮಾಡೆಲ್, ವರ್ಷ ಹೇಳಿದರೆ ತಿಳಿಸುತ್ತಾರೆ.

ಒಳಗೆ ಇರುವುದು ಯಾವುದು ಅಂತ ಗೊತ್ತೇ ಆಗದಿದ್ದರೆ? ಆಗ ಡಿಸ್ಟಿಲ್ಡ್ ವಾಟರ್ ಒಂದೇ ಸುರಕ್ಷಿತ. ಅದು ಯಾವುದರ ಜೊತೆಗೂ ಜಗಳ ಮಾಡುವುದಿಲ್ಲ. ಆದರೆ ಎಷ್ಟು ಹಾಕಬಹುದು ಎಂಬುದಕ್ಕೆ ಮಿತಿ ಇದೆ. ಒಟ್ಟು ಆರು ಲೀಟರ್ ಹಿಡಿಯುವ ಕಾರು, ಒಳಗೆ ಅರ್ಧಕ್ಕರ್ಧ ಗ್ಲೈಕಾಲ್ ಅಂತ ಇಟ್ಟುಕೊಳ್ಳಿ. ಕಾಲು ಲೀಟರ್ ಸೋರಿದ ಜಾಗಕ್ಕೆ ನೀರು ಹಾಕಿದರೆ ಗ್ಲೈಕಾಲ್ 48 ಶೇಕಡಾಕ್ಕೆ ಇಳಿಯುತ್ತದೆ, ಪರವಾಗಿಲ್ಲ. ಒಂದು ಲೀಟರ್ ಹಾಕಿದರೆ ಸುಮಾರು 42. ಎರಡು ಲೀಟರ್ ಹಾಕಿದರೆ 33. ಆ ಮಟ್ಟಕ್ಕೆ ಬಂದರೆ ತುಕ್ಕಿಗೆ ತಡೆ ಸಾಲದೆ ಹೋಗಬಹುದು. ನನ್ನ ಪ್ರಕಾರ, ಸರ್ವಿಸ್ ಬಿಲ್ ಇಲ್ಲದ ಸೆಕೆಂಡ್ ಹ್ಯಾಂಡ್ ಕಾರಿಗೆ ಒಮ್ಮೆ ಪೂರ್ತಿ ಖಾಲಿ ಮಾಡಿ, ತೊಳೆದು, ಸರಿಯಾದ ಕೂಲೆಂಟ್ ತುಂಬಿಸುವುದೇ ನೆಮ್ಮದಿ. ಆ ದಿನದಿಂದ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.

ಕ್ಯಾನ್ ಕೊಳ್ಳುವಾಗ ‘ರೆಡಿ ಟು ಯೂಸ್’ ಅಥವಾ ‘ಪ್ರೀಮಿಕ್ಸ್’ ಅಂತ ಇದ್ದರೆ ನೀರು ಈಗಾಗಲೇ ಬೆರೆಸಿದ್ದಾರೆ, ಹಾಗೆಯೇ ಹಾಕಿ. ‘ಕಾನ್ಸಂಟ್ರೇಟ್’ ಅಂತ ಇದ್ದರೆ ಅದು ಗಟ್ಟಿ. ಪುಸ್ತಕದಲ್ಲಿ ಬೇರೆ ಅಳತೆ ಇಲ್ಲದಿದ್ದರೆ ಸಮಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿಯೇ ಹಾಕಬೇಕು. ಗಟ್ಟಿ ಹಾಕಿದರೆ ಇನ್ನೂ ಒಳ್ಳೆಯದು ಅಂತ ಕೆಲವರ ಎಣಿಕೆ. ತಪ್ಪು. ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ನೀರು ಗ್ಲೈಕಾಲ್‌ಗಿಂತ ಮುಂದೆ. ಬರೀ ಗ್ಲೈಕಾಲ್ ಇದ್ದರೆ ಇಂಜಿನ್ ಹೆಚ್ಚೇ ಬಿಸಿಯಾಗುತ್ತದೆ.

ಹಂತ 6: ತುಂಬಿ

ಮುಚ್ಚಳದ ಸುತ್ತ ಇರುವ ಧೂಳು, ಅಡಿಕೆ ಮರದ ಹೂವಿನ ಪುಡಿ ಎಲ್ಲ ಒರೆಸಿ. ಇಂಜಿನ್ ತಣಿದಿದ್ದರೂ, ಬಟ್ಟೆ ಮುಚ್ಚಿ ಮೊದಲು ಕಾಲು ಸುತ್ತು ತಿರುಗಿಸಿ ನಿಲ್ಲಿ. ಬುಸ್ ಅಂತ ಸದ್ದು ಬಂದರೆ ಇನ್ನೂ ಒತ್ತಡ ಇದೆ, ಮತ್ತೆ ಬಿಗಿ ಮಾಡಿ ಕಾಯಿರಿ. ಸದ್ದಿಲ್ಲದಿದ್ದರೆ ತೆಗೆಯಿರಿ. ಆಲಿಕೆ ಇಟ್ಟು ನಿಧಾನವಾಗಿ ಸುರಿಯಿರಿ. ಮ್ಯಾಕ್ಸ್ ಗೆರೆ ದಾಟಬೇಡಿ, ಬಿಸಿಯಾದಾಗ ಹಿಗ್ಗಲು ಜಾಗ ಬೇಕು. ಮುಚ್ಚಳ ಪೂರ್ತಿ ಕೂತಿದೆಯೇ ನೋಡಿ.

ಕಾಲು ಲೀಟರ್, ಅರ್ಧ ಲೀಟರ್ ಹಾಕಿದರೆ ಇಷ್ಟೇ. ಒಂದು ಲೀಟರ್ ಮೀರಿದರೆ ಒಳಗೆ ಗಾಳಿ ಸೇರಿರುತ್ತದೆ, ಅದನ್ನು ಬಿಡಿಸಬೇಕು. ಕೆಲವು ಕಾರುಗಳಲ್ಲಿ ಹೋಸ್ ಮೇಲೆ ಇದಕ್ಕೆಂದೇ ಸಣ್ಣ ಸ್ಕ್ರೂ ಇರುತ್ತದೆ. ತಣ್ಣಗಿರುವಾಗ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ಸಣ್ಣ ಧಾರೆ ಬರುವವರೆಗೆ ತುಂಬಿ, ಬಿಗಿ ಮಾಡಿ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಡೀಸೆಲ್ ಇಂಜಿನ್ ನಿಂತಲ್ಲೇ ಓಡಿದರೆ ಬಿಸಿಯಾಗಲು ತುಂಬಾ ಹೊತ್ತು ಬೇಕು. ಆದ್ದರಿಂದ ಇಂಜಿನ್ ಬಿಸಿ ತೋರಿಸುವ ಮೀಟರ್ ಮೇಲೆ ಕಣ್ಣಿಟ್ಟು ಐದಾರು ಕಿಲೋಮೀಟರ್ ಓಡಿಸಿ ಬನ್ನಿ. ಇಂಜಿನ್ ಬಿಸಿಯಾಗಿದ್ದೂ ಹೀಟರಿನಲ್ಲಿ ತಣ್ಣನೆ ಗಾಳಿ ಬಂದರೆ, ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಕೇಳಿದರೆ ಗಾಳಿ ಇನ್ನೂ ಉಳಿದಿದೆ. ಮರುದಿನ ಬೆಳಿಗ್ಗೆ ಲೆವೆಲ್ ಮತ್ತೆ ನೋಡಿ, ಇಳಿದಷ್ಟನ್ನು ಹಾಕಿ.

ಚೆಲ್ಲಿದ್ದನ್ನು ಧಾರಾಳ ನೀರು ಹಾಕಿ ತೊಳೆಯಿರಿ, ಆದರೆ ಬಾವಿಕಟ್ಟೆಯ ಹತ್ತಿರ ಈ ಕೆಲಸ ಬೇಡ. ಗ್ಲೈಕಾಲ್ ರುಚಿ ಸಿಹಿ, ಅದೇ ದೊಡ್ಡ ಅಪಾಯ. ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪ ಹೋದರೂ ಮೂತ್ರಪಿಂಡ ಕೆಡುತ್ತದೆ. ಉಳಿದ ಕೂಲೆಂಟನ್ನು ಜ್ಯೂಸ್ ಬಾಟಲಿಯಲ್ಲಿ ಯಾವತ್ತೂ ಇಡಬೇಡಿ. ಮಗು ಕುಡಿದರೆ, ಮೇಲ್ನೋಟಕ್ಕೆ ಏನೂ ಆಗಿಲ್ಲ ಅನಿಸಿದರೂ ಕಾಯಬೇಡಿ, ಕ್ಯಾನ್ ಸಮೇತ ನೇರ ಆಸ್ಪತ್ರೆಗೆ ಹೋಗಿ.

ಹಂತ 7: ಎಲ್ಲಿ ಹೋಯಿತು?

ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಮಾಡಿ: ತಾರೀಕು, ಕಿಲೋಮೀಟರ್, ಎಷ್ಟು ಮಿಲಿ ಹಾಕಿದಿರಿ, ಏನು ಹಾಕಿದಿರಿ. ಮೊದಲ ತಿಂಗಳು ವಾರಕ್ಕೊಮ್ಮೆ ನೋಡಿ.

ರಾತ್ರಿ ಇಂಜಿನ್ ಕೆಳಗೆ ದೊಡ್ಡ ಬಿಳಿ ರಟ್ಟು ಹಾಸಿಡಿ. ಬೆಳಿಗ್ಗೆ ಬಣ್ಣದ, ಜಿಡ್ಡಿನ ಕಲೆ ಇದ್ದರೆ ಅದರ ನೇರ ಮೇಲಿನ ಜಾಗವನ್ನು ಹುಡುಕಿ. ಎಸಿ ಹಾಕಿದ ಕಾರಿನಿಂದ ಬೀಳುವ ತಿಳಿ ನೀರಿಗೆ ಹೆದರಬೇಡಿ, ನಮ್ಮ ಕರಾವಳಿಯ ಹವೆಯಲ್ಲಿ ಅದು ಧಾರೆಯಾಗಿಯೇ ಸುರಿಯುತ್ತದೆ. ಹೋಸ್ ಕ್ಲಿಪ್‌ಗಳ ಸುತ್ತ, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಲೋಹ ಸೇರುವ ಅಂಚಿನಲ್ಲಿ ಒಣಗಿದ ಬಿಳಿ ಅಥವಾ ಬಣ್ಣದ ಹಕ್ಕಳೆ ಇದೆಯೇ ನೋಡಿ. ತೋಟದ ಮನೆಯಲ್ಲಿ ಕಾರು ನಿಲ್ಲಿಸುವವರು ಇಲಿ ಕಡಿದ ಗುರುತಿಗೂ ಹೋಸ್ ತಡವಿ ನೋಡಬೇಕು. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಅಂಟಂಟಾಗಿ, ಕಾರಿನೊಳಗೆ ಸಿಹಿ ವಾಸನೆ ಬಂದರೆ ಹೀಟರಿನ ಒಳಗಿನ ಸಣ್ಣ ರೇಡಿಯೇಟರ್ ಸೋರುತ್ತಿದೆ.

ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪಿನ ಸೋರಿಕೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಡಸ್ಟರ್‌ನ 1.5 ಲೀಟರ್ ಡೀಸೆಲ್, ಪೋಲೊ ಮತ್ತು ವೆಂಟೊ ಡೀಸೆಲ್‌ಗಳಲ್ಲಿ ಈ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್, ಅಂದರೆ ಇಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಬೆಲ್ಟ್. ಪಂಪು ಜಾಮ್ ಆದರೆ ಬೆಲ್ಟ್ ತುಂಡಾಗಿ ವಾಲ್ವ್‌ಗಳು ಬಾಗುತ್ತವೆ.

ಹೊರಗೆ ಎಲ್ಲೂ ಹನಿ ಇಲ್ಲ, ಆದರೂ ಲೆವೆಲ್ ಇಳಿಯುತ್ತಿದೆ. ಡೀಸೆಲ್ ಕಾರಿನಲ್ಲಿ ಆಗ ಎರಡು ಕಡೆ ನೋಡಬೇಕು. ಒಂದು ಇಜಿಆರ್ ಕೂಲರ್. ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಮೊದಲು ತಣಿಸುವ ಭಾಗ ಅದು. ಅದರೊಳಗೆ ತೂತಾದರೆ ಕೂಲೆಂಟ್ ಬಿಳಿ ಹಬೆಯಾಗಿ ಸೈಲೆನ್ಸರಿನಿಂದ ಹೋಗುತ್ತದೆ, ನೆಲದ ಮೇಲೆ ಏನೂ ಕಾಣುವುದಿಲ್ಲ. ಇನ್ನೊಂದು ಹೆಡ್ ಗ್ಯಾಸ್ಕೆಟ್. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅದರ ಮೇಲೆ ಅನುಮಾನ ಪಡಿ. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನ ಬಣ್ಣದ ನೊರೆ ಕಂಡರೆ ಗಾಬರಿಯಾಗಬೇಡಿ. ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡುವ ಕಾರಿನಲ್ಲಿ ತೇವದಿಂದಲೂ ಅದು ಬರುತ್ತದೆ. ಡಿಪ್‌ಸ್ಟಿಕ್‌ನಲ್ಲಿರುವ (ಆಯಿಲ್ ಅಳೆಯುವ ಕಡ್ಡಿ) ಆಯಿಲೂ ಹಾಲಿನಂತೆ ಆಗಿದ್ದರೆ ಮಾತ್ರ ಕಾರು ಓಡಿಸಬೇಡಿ.

ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಅರಶಿನ ಪುಡಿ ಹಾಕುವ ರೂಢಿ ಇದೆ. ದಯವಿಟ್ಟು ಬೇಡ. ತೂತು ಮುಚ್ಚುವ ಪುಡಿ ರೇಡಿಯೇಟರಿನೊಳಗಿನ ಸಣ್ಣ ದಾರಿಗಳನ್ನೂ ಮುಚ್ಚುತ್ತದೆ.

ದಾರಿಯಲ್ಲಿ ಹೀಟ್ ಆದರೆ

ಮುಳ್ಳೇರಿಯ, ಆದೂರು, ಜಾಲ್ಸೂರು ದಾಟಿ ಮಡಿಕೇರಿಗೆ ಹೋಗುವಾಗ, ಅಥವಾ ಪಾಣತ್ತೂರಿನಿಂದ ಭಾಗಮಂಡಲಕ್ಕೆ ಹತ್ತುವಾಗ ಮೀಟರ್ ಏರಿತು ಅಂತ ಇಟ್ಟುಕೊಳ್ಳಿ. ತಕ್ಷಣ ಎಸಿ ಆಫ್ ಮಾಡಿ. ನಿಲ್ಲಿಸಲು ಜಾಗ ಸಿಗುವವರೆಗೆ ಹೀಟರ್ ಪೂರ್ತಿ ಬಿಸಿಗಿಡಿ, ಅದು ಇಂಜಿನ್ನಿನ ಬಿಸಿಯನ್ನು ಸ್ವಲ್ಪ ಹೊರಗೆ ಎಳೆಯುತ್ತದೆ. ಕೆಂಪು ದೀಪ ಬಂದರೆ ಅಥವಾ ಹಬೆ ಎದ್ದರೆ ಇಂಜಿನ್ ಆಫ್ ಮಾಡಿ. ಕಮ್ಮಿ ಎಂದರೂ ಎರಡು ಗಂಟೆ ಮುಚ್ಚಳ ಮುಟ್ಟಬೇಡಿ. ಬಿಸಿ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ತಣಿದ ಮೇಲೆ ಬೇರೆ ದಾರಿಯೇ ಇಲ್ಲದಿದ್ದರೆ ಕುಡಿಯುವ ಬಾಟಲಿ ನೀರು ಹಾಕಿ ಹತ್ತಿರದ ವರ್ಕ್‌ಶಾಪ್ ಸೇರಿ, ಆ ವಾರವೇ ಪೂರ್ತಿ ಬದಲಿಸಿ.

ಏರಿದ್ದ ಮೀಟರ್ ಒಮ್ಮೆಲೇ ತಣ್ಣನೆ ಕಡೆಗೆ ಬಿದ್ದರೆ ಸಮಾಧಾನಪಡಬೇಡಿ. ಬಿಸಿ ಅಳೆಯುವ ಸೆನ್ಸಾರ್ ದ್ರವದಲ್ಲಿ ಮುಳುಗಿರಬೇಕು. ಕೂಲೆಂಟ್ ಪೂರ್ತಿ ಸೋರಿಹೋದರೆ ಅದು ಬರೀ ಗಾಳಿಯಲ್ಲಿ ನಿಂತು ಸುಳ್ಳು ಹೇಳುತ್ತದೆ. ಆಗಲೂ ತಕ್ಷಣ ನಿಲ್ಲಿಸಿ.

ವರ್ಕ್‌ಶಾಪಿನಲ್ಲಿ ಕೇಳಬೇಕಾದದ್ದು

ಗಾಡಿ ಬಿಡುವಾಗ ನೋಟ್‌ಬುಕ್ ತೋರಿಸಿ. ‘ಕಮ್ಮಿಯಾಗುತ್ತದೆ’ ಅನ್ನುವುದಕ್ಕಿಂತ ‘800 ಕಿಲೋಮೀಟರಿಗೆ 300 ಮಿಲಿ ಹೋಗಿದೆ’ ಅಂದರೆ ಮೆಕ್ಯಾನಿಕ್‌ಗೆ ಹುಡುಕುವುದು ಸುಲಭ. ಮೊದಲು ಮುಚ್ಚಳ ಬದಲಿಸಿ ನೋಡಿ ಅನ್ನಿ, ಎಲ್ಲಕ್ಕಿಂತ ಅಗ್ಗದ ಭಾಗ ಅದೇ. ಹಳೆಯದರ ಮೇಲೆ 0.9, 1.1ರಂಥ ಒತ್ತಡದ ಅಂಕೆ ಇರುತ್ತದೆ, ಹೊಸದರಲ್ಲೂ ಅದೇ ಇರಬೇಕು. ಆಮೇಲೆ ಪ್ರೆಶರ್ ಟೆಸ್ಟ್ ಮಾಡಿಸಿ: ಕೈ ಪಂಪಿನಿಂದ ಒಳಗೆ ಅಷ್ಟೇ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತದೆಯೇ ನೋಡುವುದು. ಗ್ಯಾಸ್ಕೆಟ್ ಹೋಗಿದೆ ಅಂದರೆ, ಹೆಡ್ ಬಿಚ್ಚುವ ಮೊದಲು ನೀಲಿ ದ್ರವದ ಟೆಸ್ಟ್ ಮಾಡಿ ತೋರಿಸಲು ಹೇಳಿ. ಟ್ಯಾಂಕಿನ ಗಾಳಿಯಲ್ಲಿ ಇಂಜಿನ್ನಿನ ಹೊಗೆ ಸೇರಿದ್ದರೆ ಆ ದ್ರವದ ಬಣ್ಣ ನಿಮ್ಮ ಕಣ್ಣೆದುರೇ ಬದಲಾಗುತ್ತದೆ. ಹೆಡ್ ಬಿಚ್ಚಿಯೇ ಆದರೆ, ಅದು ಬಾಗಿದೆಯೇ ಎಂದು ಅಳೆದ ಮೇಲಷ್ಟೇ ಹೊಸ ಗ್ಯಾಸ್ಕೆಟ್ ಕೂರಿಸಲಿ. ಬಾಗಿದ ಹೆಡ್ಡಿನ ಕೆಳಗೆ ಹೊಸ ಗ್ಯಾಸ್ಕೆಟ್ ಬಾಳುವುದಿಲ್ಲ.